ಶಂಭುಲಿಂಗಪ್ಪನವರ ಸೈಕಲ್ಲಿನ ಇಪ್ಪತ್ತೆರಡನೇ ಗುಂಡು

ಬನಶಂಕರಮ್ಮನ ಆಣೆಗೂ ಇದು ನಡೆದದ್ದು. ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ಹೇಳುವವನ ಸೈಕಲ್ಲಿನ ಎರಡೂ ಚಕ್ರ ಒಟ್ಟಿಗೆ ಪಂಕ್ಚರ್ ಆಗಲಿ, ಅದೂ ಪಂಪು ಸಿಗದ ಜಾಗದಲ್ಲಿ.

ಜಯನಗರ ಆಗ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಐವತ್ತೊಂಬತ್ತನೇ ಇಸವಿ. ನಾಲ್ಕು ಮನೆಗೊಂದು ದೀಪದ ಕಂಬ, ಎಂಟು ಮನೆಗೊಂದು ನರಿ. ಯಡಿಯೂರಿನ ಚಿಕ್ಕಬೈರಪ್ಪ ಅಲ್ಲೊಂದು ಹೊಂಗೆ ಮರದ ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದ. ಆ ಮರವನ್ನು ನೆಟ್ಟವನು ಅವನ ತಾತ. ಹೊಲ ಸೈಟುಗಳಾದಾಗ ಮರ ಮಾತ್ರ ಉಳಿಯಿತು; ಆದರೆ ಉಳಿದದ್ದು ಶಂಭುಲಿಂಗಪ್ಪ ಅನ್ನುವವರ ಕಾಂಪೌಂಡಿನ ಒಳಗೆ. ಹಾಗಾಗಿ ಚಿಕ್ಕಬೈರಪ್ಪ ತನ್ನ ತಾತನ ನೆರಳಿನಲ್ಲೇ ಪರರ ಅಪ್ಪಣೆ ಪಡೆದು ಕೂರಬೇಕಾಯಿತು. ಅಪ್ಪಣೆಗೆ ಒಂದೇ ಷರತ್ತು: ಶಂಭುಲಿಂಗಪ್ಪನವರ ಸೈಕಲ್ ಯಾವಾಗಲೂ ಸರಿಯಾಗಿರಬೇಕು.

ಶಂಭುಲಿಂಗಪ್ಪ ಒಂದು ಬಟ್ಟೆ ಗಿರಣಿಯಲ್ಲಿ ಸೂಪರ್‌ವೈಸರ್. ಗಂಭೀರ ಮನುಷ್ಯ. ಪ್ರಪಂಚದಲ್ಲಿ ಅವರಿಗೆ ಎರಡೇ ಪ್ರೀತಿ. ಒಂದು ಸೈಕಲ್ಲು, ಇನ್ನೊಂದು ಮನೆಯ ಕೆಂಪು ಆಕ್ಸೈಡ್ ನೆಲ. ಭಾನುವಾರ ಭಾನುವಾರ ತಾವೇ ಮಂಡಿಯೂರಿ ಅದಕ್ಕೆ ತೆಂಗಿನ ಚಿಪ್ಪು ತಿಕ್ಕಿ ಹೊಳಪು ಕೊಡುತ್ತಿದ್ದರು. ಬಗ್ಗಿ ನೋಡಿದರೆ ಮೀಸೆ ತಿದ್ದಿಕೊಳ್ಳಬಹುದು, ಹಾಗೆ.

ಈ ಸೈಕಲ್ಲು ಒಂದು ವರ್ಷದಿಂದ ಸದ್ದು ಮಾಡುತ್ತಿತ್ತು. ಪೆಡಲ್ ಒಂದು ಸುತ್ತು ಬಂದರೆ ಒಂದು ‘ಕಟಕ್’. ಸಾಮಾನ್ಯ ಕಟಕ್ ಅಲ್ಲ. ಅವರು ಸೌತ್ ಎಂಡ್ ಸರ್ಕಲ್ ತಿರುಗಿದರೆ ಇಲ್ಲಿ ಹೊಂಗೆ ಮರದ ಕಾಗೆಗಳು ಎದ್ದು ಜಾಗ ಬದಲಾಯಿಸುತ್ತಿದ್ದವು.

“ಏನಯ್ಯಾ ಇದು, ನನ್ನ ಹಲ್ಲಲ್ಲೇ ಯಾರೋ ಅಡಿಕೆ ಕತ್ತರಿಸ್ದಂಗೆ ಆಗ್ತದೆ” ಎಂದರು ಶಂಭುಲಿಂಗಪ್ಪ ಒಂದು ದಿನ ಬೆಳಿಗ್ಗೆ. “ಚೈನು ಬದಲಾಯ್ಸು.”

“ಚೈನಲ್ಲ ಸಾರ್. ಚೈನಾದ್ರೆ ಕಿರ್ ಅಂತದೆ. ಚಕ್ರಾನೂ ಅಲ್ಲ, ತುಳೀದೆ ಬಿಟ್ರೆ ಸದ್ದು ನಿಲ್ತದಲ್ಲ.” ಚಿಕ್ಕಬೈರಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಎರಡು ಪೆಡಲ್‌ಗಳ ನಡುವಿನ ಅಚ್ಚಿಗೆ ಒತ್ತಿ, ಕಣ್ಣು ಮುಚ್ಚಿ ಪೆಡಲ್ ತಿರುಗಿಸಿದ. ನಾಡಿ ನೋಡುವ ಪಂಡಿತನ ಹಾಗೆ. “ಬೀಬಿ ಸಾರ್, ಈ ಪೆಡಲ್ ಅಚ್ಚು ತಿರುಗೋ ಜಾಗ. ಬೀಬಿ ಗುಂಡು. ಬಲಗಡೆ ಬಟ್ಟಲಲ್ಲಿ.”

ಪೆಡಲ್ ಕಾಲನ್ನು ಅಚ್ಚಿಗೆ ಬಿಗಿದಿದ್ದ ಕಾಟರ್ ಪಿನ್ನಿಗೆ ಎರಡು ಏಟು ಕೊಟ್ಟು, ಕಾಲು ಕಳಚಿ, ಅಚ್ಚನ್ನು ಎಳೆದ. ಅಚ್ಚಿನ ಆ ಕಡೆ ಒಂದು ಬಟ್ಟಲು, ಈ ಕಡೆ ಒಂದು ಬಟ್ಟಲು. ಒಂದೊಂದರಲ್ಲಿ ಹನ್ನೊಂದು ಗುಂಡು. ಇಪ್ಪತ್ತೆರಡೂ ಕಪ್ಪು ಗ್ರೀಸಿನಲ್ಲಿ ಪಾಕಕ್ಕೆ ಅಂಟಿದ ಕಡಲೆಬೀಜದ ಹಾಗೆ ಕೂತಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದನ್ನೇ ಕನ್ನಡಿ ಚೂರಿನ ಮೇಲೆ ಉರುಳಿಸಿದ. ಇಪ್ಪತ್ತೊಂದು ನೀರಿನ ಹಾಗೆ ಓಡಿದವು. ಇಪ್ಪತ್ತೆರಡನೆಯದು ಕುಂಟಿತು. ಮೈಯಲ್ಲಿ ಸಣ್ಣ ಗುಳಿ, ಇಲಿ ಕಚ್ಚಿದ ಬಟಾಣಿಯ ಹಾಗೆ.

ಅದನ್ನು ಹಳೆಯ ಗುಂಡುಗಳ ಹಾರ್ಲಿಕ್ಸ್ ಬಾಟಲಿಗೆ ಎಸೆದ. ಹೊಸ ಗ್ರೀಸು, ಹೊಸ ಗುಂಡು. ಅಚ್ಚು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು. ಅಷ್ಟಕ್ಕೆ ಎಡಗಡೆ ಬಟ್ಟಲನ್ನು ಬಿಗಿ ಮಾಡಿದ. ಶಂಭುಲಿಂಗಪ್ಪ ಒಂದು ಸುತ್ತು ಹೊಡೆದು ಬಂದರು. ಮೋಡದ ಮೇಲೆ ಹೋದ ಹಾಗಿತ್ತಂತೆ.

“ಭೇಷ್! ಆದ್ರೆ ಕೇಳು, ಆ ಸದ್ದು ಇನ್ನೊಂದ್ಸಲ ನನ್ನ ಕಿವಿಗೆ ಬಿದ್ರೆ ನೀನು ಪೆಟ್ಟಿಗೆ ಎತ್ಕೊಂಡು ಬೇರೆ ಮರ ಹುಡುಕ್ಕೋ.”

ಚಿಕ್ಕಬೈರಪ್ಪ ನಕ್ಕ. ಅವನ ಕೈ ರಿಪೇರಿಗೆ ಮತ್ತೆ ಸದ್ದು ಬರುವುದುಂಟೇ?

ಆದರೆ ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ. ಶಂಭುಲಿಂಗಪ್ಪನವರ ಹೆಂಡತಿ ಮೀನಾಕ್ಷಮ್ಮ ದಿನಾ ಮಧ್ಯಾಹ್ನ ಅದೇ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ಎದುರಾಳಿ ಬೇರೆ ಯಾರೂ ಅಲ್ಲ, ಚಿಕ್ಕಬೈರಪ್ಪನ ಹೆಂಡತಿ ಅಕ್ಕಯಮ್ಮ. ಒಂದು ವರ್ಷದಿಂದ ಅವರ ಗಡಿಯಾರ ಆ ಕಟಕ್ ಸದ್ದೇ. ಸರ್ಕಲ್ಲಿನಲ್ಲಿ ಕಟಕ್ ಅಂದರೆ ಕವಡೆ ಸೆರಗಿಗೆ. ತಿರುವಿನಲ್ಲಿ ಕಟಕ್ ಅಂದರೆ ಒದ್ದೆ ಬಟ್ಟೆ ನೆಲಕ್ಕೆ. ಗೇಟಿನಲ್ಲಿ ಕಟಕ್ ಅಂದರೆ ಕಾಫಿ ಒಲೆಗೆ.

ಅವತ್ತು ಸಂಜೆ ಅಕ್ಕಯಮ್ಮನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ಕವಡೆ ಕುಲುಕಿ “ಬಾರಮ್ಮಾ ಒಂದೇ ಒಂದು!” ಎಂದು ಎಸೆದಳು. ಕವಡೆ ಉರುಳಿ ಉರುಳಿ ಹೋಗಿ ಒಂದು ಜೊತೆ ಬೂಟಿನ ಮುಂದೆ ನಿಂತಿತು. ಬೂಟಿನ ಮೇಲೆ ಶಂಭುಲಿಂಗಪ್ಪ ಇದ್ದರು.

ಅವರು ತಲೆಯ ಮೇಲಿನ ಟೋಪಿ ತೆಗೆದು, ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಸತ್ತವರನ್ನು ನೋಡುವ ಹಾಗೆ ನೋಡಿದರು. ಆಮೇಲೆ ತಾವೇ ಒದ್ದೆ ಬಟ್ಟೆ ಹಿಡಿದು ಮಂಡಿಯೂರಿದರು.

ಮಾರನೆಯ ಬೆಳಿಗ್ಗೆ ಮೀನಾಕ್ಷಮ್ಮ ಹೊಂಗೆ ಮರದ ಕೆಳಗೆ ಬಂದು ನಿಂತರು. ಪಕ್ಕದಲ್ಲಿ ಅಕ್ಕಯಮ್ಮ, ಸೊಂಟದ ಮೇಲೆ ಕೈ.

“ಬೈರಪ್ಪಾ, ಯಾರು ನಿನಗೆ ಸದ್ದು ತೆಗೆಯೋಕೆ ಹೇಳಿದ್ದು?”

“ಯಜಮಾನ್ರೇ ಹೇಳಿದ್ರು ಅಮ್ಮಾವ್ರೇ…”

“ಅವ್ರು ಹಗಲು ಪೂರ್ತಿ ಗಿರಣೀಲಿರ್ತಾರೆ. ಈ ಕಾಂಪೌಂಡಲ್ಲಿ ಇರೋಳು ನಾನು. ಬರೋ ಸೋಮವಾರ ಸಂಜೆಗೆ ಕಟಕ್ ವಾಪಸ್ ಬರ್ಬೇಕು. ಇಲ್ದಿದ್ರೆ ಈ ಜಾಗದಲ್ಲಿ ತುಳಸಿ ಕಟ್ಟೆ ಕಟ್ಟಿಸ್ತೀನಿ.”

“ಆಮೇಲೆ ನೀನು ಆ ಕಟ್ಟೆ ಸುತ್ತ ಪ್ರದಕ್ಷಿಣೆ ಹಾಕ್ಕೊಂಡಿರು” ಎಂದಳು ಅಕ್ಕಯಮ್ಮ. “ಒಂದೇ ಮನೆ ಇತ್ತು ಕಣಯ್ಯಾ ನನ್ ಕಾಯಿಗೆ. ಒಂದೇ ಮನೆ!”

ಸದ್ದು ಬಂದರೆ ಗಂಡ ಓಡಿಸುತ್ತಾರೆ, ಬರದಿದ್ದರೆ ಹೆಂಡತಿ ಓಡಿಸುತ್ತಾರೆ. ಚಿಕ್ಕಬೈರಪ್ಪ ಮರದ ಬುಡ ಸವರಿದ. ತಾತ ನೆಟ್ಟ ಮರ.

ಮೊದಲು ಸದ್ದು ತರೋಣ, ಆಮೇಲೆ ದೇವರಿದ್ದಾನೆ ಅಂದುಕೊಂಡು “ಹೊಸ ಗುಂಡು ಸಾರ್, ವಾರವೆಲ್ಲ ಬಿಗಿ ನೋಡ್ತಿರ್ಬೇಕು” ಎಂದು ದಿನಾ ಸಂಜೆ ಸೈಕಲ್ ಇಸಿದುಕೊಂಡ. ಬಾಟಲಿಯಿಂದ ಕೈಗೆ ಸಿಕ್ಕ ಕೆಟ್ಟ ಗುಂಡು ಹಾಕಿ, ತಾನೇ ಬೀದಿ ಸುತ್ತಿ ಬಂದು, ರಾತ್ರಿಯೊಳಗೆ ತೆಗೆದುಬಿಡುತ್ತಿದ್ದ. ಒಂದು ಗುಂಡು ಬೆಕ್ಕಿನ ಮರಿಯ ಹಾಗೆ ಕೂಗಿತು. ಹಿಂದೆ ಹಿಂದೆಯೇ ಏಳು ತಾಯಿ ಬೆಕ್ಕು ಬಂದವು. ಇನ್ನೊಂದು ಗಂಟೆಯ ಹಾಗೆ ಕಿಣಿಕಿಣಿ ಎಂದಿತು. ತ್ಯಾಗರಾಜನಗರದ ಕಡೆಯಿಂದ ಬರುತ್ತಿದ್ದ ಮುದುಕರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು ತೀರ್ಥಕ್ಕೆ ಅಂಗೈ ಚಾಚಿದರು. ಮೀನಾಕ್ಷಮ್ಮ ಕಿಟಕಿಯಿಂದಲೇ ತಲೆ ಅಲ್ಲಾಡಿಸಿದರು.

“ಇದಲ್ಲ. ಇದು ಯಾರೋ ಬೇರೆಯವ್ರ ಗಂಡ.”

ಆ ಇಪ್ಪತ್ತೆರಡನೇ ಗುಂಡೇ ಬೇಕು. ಅದು ಬಾಟಲಿಯಲ್ಲಿದೆ, ಅದರ ಜೊತೆಗೆ ಇನ್ನೂ ಮೂರು ಸಾವಿರ ಇವೆ.

ಭಾನುವಾರ ಬಂತು. ನೆಲ ತಿಕ್ಕಿ, ಊಟ ಮಾಡಿ, ಶಂಭುಲಿಂಗಪ್ಪ ನಡುಮನೆಯ ಬೆಂಚಿನ ಮೇಲೆ ಬಲಕ್ಕೆ ಹೊರಳಿ ಮಲಗಿದರು. ಅಕ್ಕಯಮ್ಮ ಜಗಲಿಯ ಮೇಲೆ ಬಾಟಲಿ ಬೋರಲು ಹಾಕಿ ಮೊರ ಕೈಗೆತ್ತಿಕೊಂಡಳು.

“ಏ, ಅದೇನು ಅವರೆಕಾಳಾ?” ಎಂದ ಗಂಡ.

“ಸುಮ್ಕಿರು. ನೀನು ಕನ್ನಡಿ ಮೇಲೆ ಒಂದೊಂದೇ ಉರುಳಿಸ್ಕೊಂಡು ಕುಂತ್ರೆ ಮುಂದಿನ ಯುಗಾದಿ ಆಯ್ತದೆ.”

ಮೊದಲು ಸಣ್ಣವನ್ನು ಬೇರೆ ಮಾಡಿದರು. ಸಾಸಿವೆಯಂಥವು ಹಿಂದಿನ ಚಕ್ರದ ಫ್ರೀವೀಲಿನವು, ಮೆಣಸಿನಕಾಳಿನಂಥವು ಪೆಡಲಿನವು, ತೊಗರಿಯಂಥವು ಮುಂದಿನ ಚಕ್ರದವು. ಬಟಾಣಿಯಂಥವು ಮಾತ್ರ ಉಳಿದವು. ಬೀಬಿಗೆ ಕೂರುವ ಗಾತ್ರ ಅದೇ. ಅವನ್ನು ಅಕ್ಕಯಮ್ಮ ಮೊರಕ್ಕೆ ಹಾಕಿ, ಕಾಳಿನಿಂದ ಕಲ್ಲು ಒನೆಯುವ ಹಾಗೆ ಮೊರವನ್ನು ಓರೆ ಹಿಡಿದು ಹಗುರವಾಗಿ ತಟ್ಟಿದಳು. ದುಂಡಗಿದ್ದವು ಸರಸರ ಉರುಳಿ ಕೆಳಗಿನ ಗೋಣಿಗೆ ಬಿದ್ದವು. ಗುಳಿ ಇದ್ದವು ಕುಂಟಿ ಕುಂಟಿ ಮೊರದಲ್ಲೇ ನಿಂತವು. ಇಪ್ಪತ್ತು ವರ್ಷ ಗುಂಡಿನ ಜೊತೆ ಬದುಕಿದ ಚಿಕ್ಕಬೈರಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಉಳಿದದ್ದು ನಲವತ್ತೊಂದು. ಮೀನಾಕ್ಷಮ್ಮ ಹಿತ್ತಾಳೆ ಬೋಗುಣಿ ಬೋರಲು ಹಾಕಿ, ಒಂದೊಂದನ್ನೇ ಎತ್ತಿ ಅದರ ಮೇಲೆ ಬಿಟ್ಟು ಕಿವಿಗೊಟ್ಟರು. ಟಣ್. “ಇಲ್ಲ.” ಟಣ್. “ಅಲ್ಲ.” ಟಿಣ್. “ಛೇ, ಇದು ಕೆಮ್ಮುತ್ತೆ.” ಬೀದಿ ತುದಿಯ ನಾಯಿ ಬೊಗಳತೊಡಗಿತು. ಮೂವತ್ತನಾಲ್ಕನೆಯದು ಬಿತ್ತು. ಕಟಕ್.

ಮರದ ಮೇಲಿನ ಕಾಗೆಗಳು ಎದ್ದು ಜಾಗ ಬದಲಾಯಿಸಿದವು.

“ಇವ್ರೇ!” ಎಂದರು ಮೀನಾಕ್ಷಮ್ಮ, ಗುಂಡನ್ನು ಸೆರಗಿನಲ್ಲಿ ಒರೆಸುತ್ತಾ. “ನಮ್ಮನೆಯವ್ರೇ!”

ಚಿಕ್ಕಬೈರಪ್ಪನಿಗೆ ಸಂತೋಷ ಆಗಲಿಲ್ಲ. ಈ ಗುಂಡು ಸೈಕಲ್ಲಿಗೆ ಹೋದರೆ ನಾಳೆ ಪೆಟ್ಟಿಗೆ ಎತ್ತಬೇಕು. ಕಳ್ಳನ ಹಾಗೆ ನಡುಮನೆಯ ಕಡೆ ನೋಡಿದ. ಶಂಭುಲಿಂಗಪ್ಪ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು.

“ಅಮ್ಮಾವ್ರೇ, ಇಷ್ಟು ಟಣ್ ಟಣ್‌ಗೆ ಯಡಿಯೂರು ಕೆರೆ ಮೀನು ಎದ್ದಿರ್ತವೆ. ಯಜಮಾನ್ರು ಹೆಂಗೆ ಏಳ್ಲಿಲ್ಲ?”

“ಬಲಗಿವಿ ದಿಂಬಿನ ಮೇಲಿದೆಯಲ್ಲ.”

“ಎಡಗಿವಿ?”

“ಅದೆಲ್ಲಿದೆ? ಗಿರಣೀಲಿ ಇಪ್ಪತ್ತು ವರ್ಷ ಮಗ್ಗ ಎಡಗಡೇನೇ ಇತ್ತು. ಆ ಕಿವೀಲಿ ಗುಡುಗು ಬಿದ್ರೂ ಕೇಳಲ್ಲ. ಯಾರ್ಗೂ ಹೇಳ್ಬೇಡ, ಅವ್ರಿಗೆ ಅವಮಾನ.”

ಎಡಗಡೆ ನಿಂತು ನಮಸ್ಕಾರ ಹೇಳಿದಾಗೆಲ್ಲ ಅವರು ಮುಖ ತಿರುಗಿಸದೆ ಹೋಗುತ್ತಿದ್ದದ್ದು ದೊಡ್ಡಸ್ತಿಕೆ ಅಂದುಕೊಂಡಿದ್ದ ಚಿಕ್ಕಬೈರಪ್ಪ. ಈಗ ಮೀನಾಕ್ಷಮ್ಮನ ಕೈಯಿಂದ ಗುಂಡು ಇಸಿದುಕೊಂಡು ಎದ್ದ. ಅಚ್ಚು ಬಿಚ್ಚಿದ. ಬಲಗಡೆ ಬಟ್ಟಲಿಗೆ ಹನ್ನೊಂದು ಒಳ್ಳೆಯ ಗುಂಡು, ಬೆಣ್ಣೆಯ ಹಾಗೆ ಗ್ರೀಸು. ಎಡಗಡೆ ಬಟ್ಟಲಿಗೆ ಹತ್ತು ಒಳ್ಳೆಯವು, ಹನ್ನೊಂದನೆಯದು ಆ ಮಹಾನುಭಾವ.

ಸೋಮವಾರ ಬೆಳಿಗ್ಗೆ ಶಂಭುಲಿಂಗಪ್ಪ ಸೈಕಲ್ ಏರಿದಾಗ ಚಿಕ್ಕಬೈರಪ್ಪ ಮರಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ. ಕಟಕ್! ಕಾಗೆ ಹಾರಿದವು. ಕಟಕ್! ಸೈಕಲ್ ನಿಂತಿತು.

“ಬೈರಪ್ಪಾ!”

“ಸಾ… ಸಾರ್?”

“ಏನಯ್ಯಾ, ಹೂವಿನ ಮೇಲೆ ಕೂತಂಗಿದೆಯಲ್ಲೋ! ಸದ್ದು ಅನ್ನೋದೇ ಇಲ್ಲ. ನಾನಿರೋವರ್ಗೂ ಈ ಮರದ ಕೆಳಗಿಂದ ನಿನ್ನನ್ನ ಯಾವನು ಎಬ್ಬಿಸ್ತಾನೆ ನೋಡ್ತೀನಿ.”

ಕಟಕ್, ಕಟಕ್, ಕಟಕ್ ಎಂದು ಹೊರಟು ಹೋದರು. ಸಂಜೆ ಸರ್ಕಲ್ಲಿನಲ್ಲಿ ಕಟಕ್ ಎಂದಾಗ ಅಕ್ಕಯಮ್ಮನ ಕೊನೆಯ ಕಾಯಿ ಆಗಲೇ ಹಣ್ಣಾಗಿತ್ತು. ಶಂಭುಲಿಂಗಪ್ಪ ಒಳಗೆ ಬಂದಾಗ ನೆಲ ಕನ್ನಡಿ, ಕಾಫಿ ಬಿಸಿ. ಇಬ್ಬರು ಹೆಂಗಸರೂ ಬಸವಣ್ಣನ ಪಟದ ಮುಂದೆ ಹೂವು ಕಟ್ಟುತ್ತಾ ಕೂತಿದ್ದರು.

ಚಿಕ್ಕಬೈರಪ್ಪ ಆ ಮರದ ಕೆಳಗೆ ಇನ್ನೂ ಇಪ್ಪತ್ತು ವರ್ಷ ಕೂತ. ಆಮೇಲೆ ಅವನ ಅಂಗಡಿಯಲ್ಲಿ ಗುಂಡು ಆರಿಸಲು ಕನ್ನಡಿ ಚೂರು ಇರಲಿಲ್ಲ, ಮೊರ ಇತ್ತು.

ನಂಬಿಕೆ ಬರದವರು ವಾದ ಮಾಡುವುದು ಬೇಡ. ನಿಮ್ಮ ಸೈಕಲ್ಲನ್ನು ನಾಲ್ಕು ದಿನ ಇಲ್ಲಿ ಬಿಟ್ಟು ಹೋಗಿ. ಎಡಗಡೆ ಬಟ್ಟಲಿನ ಸದ್ದು ಬಲಗಿವಿಗೆ ಕೇಳುತ್ತದೋ ಇಲ್ಲವೋ ತುಳಿದು ನೋಡಿಯೇ ಹೇಳುತ್ತೇನೆ. ಗಾಳಿ ಸ್ವಲ್ಪ ಗಟ್ಟಿಯಾಗಿ ಹೊಡೆಸಿ, ಹಿಂದೆ ಕ್ಯಾರಿಯರ್ ಇದ್ದರೆ ಇನ್ನೂ ಒಳ್ಳೆಯದು. ನಾಳೆ ಮಡಿವಾಳದಲ್ಲಿ ನಾದಿನಿಯ ಮನೆ ಗೃಹಪ್ರವೇಶ, ಮನೆಯವಳೂ ಬರುತ್ತಾಳೆ. ನನ್ನ ಸೈಕಲ್ಲೇ? ಅದರ ಎರಡೂ ಚಕ್ರ ಇವತ್ತು ಬೆಳಿಗ್ಗೆ ಒಟ್ಟಿಗೆ ಪಂಕ್ಚರ್ ಆದವು. ಹಾಗೆ ನೋಡಬೇಡಿ, ನಾನು ಆಣೆ ಇಟ್ಟದ್ದು ಅದಾದ ಮೇಲೆ. ಎಲ್ಲಿ, ಬೀಗದ ಕೈ ಕೊಡಿ.