ಉಳಿಸಬಹುದಾದ ಹಲ್ಲು

ಗಲ್ಲುಶಿಕ್ಷೆ ಇರಬೇಕೋ ಬೇಡವೋ ಎಂಬ ವಿಚಾರದಲ್ಲಿ ಆ ಮನೆಯಲ್ಲಿ ಅಭಿಪ್ರಾಯವಿಲ್ಲದವಳು ಒಬ್ಬಳೇ, ಹಲ್ಲಿನ ಡಾಕ್ಟರಾದ ಹಿರಿಸೊಸೆ. ಜಿರಲೆ ಕಂಡರೂ ‘ಪಾಪ, ಹೊರಗೆ ಬಿಡೇ’ ಎನ್ನುವ ಅತ್ತೆ, ಕೊಲೆಗಾರರನ್ನು ಮಾತ್ರ ನಾಲ್ಕು ರಸ್ತೆ ಕೂಡುವಲ್ಲಿ ನೇತುಹಾಕಬೇಕು ಎನ್ನುತ್ತಿದ್ದರು. ವಕೀಲನಾದ ಮೈದುನ ಗಲ್ಲಿಗೆ ಕಡುವಿರೋಧಿ; ಮನುಷ್ಯಜೀವದ ಘನತೆಯ ಬಗ್ಗೆ ಭಾಷಣ ಬಿಗಿಯುತ್ತಲೇ, ತಟ್ಟೆ ತರುವುದು ತಡವಾದರೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ಇಬ್ಬರೂ ಊಟದ ಹೊತ್ತಿಗೆ ಸರಿಯಾಗಿ ಕಾದಾಟಕ್ಕಿಳಿದು, ಕೊನೆಗೆ ಇವಳ ಕಡೆ ತಿರುಗುತ್ತಿದ್ದರು. ಇನ್ನೂ ಯೋಚಿಸುತ್ತಿದ್ದೇನೆ ಎನ್ನುತ್ತಿದ್ದಳು. ಹನ್ನೊಂದು ವರ್ಷದಿಂದ ಯೋಚಿಸುತ್ತಿದ್ದಳು.

ವಾರಕ್ಕೊಂದು ದಿನ ಅವಳು ಸೆರೆಮನೆಯ ಆಸ್ಪತ್ರೆಗೆ ಹೋಗುತ್ತಿದ್ದಳು. ಮನೆಯಲ್ಲಿ ಸರ್ಕಾರಿ ಆಸ್ಪತ್ರೆ ಎಂದಷ್ಟೇ ಹೇಳಿದ್ದಳು; ಸುಳ್ಳೇನಲ್ಲ. ಆ ಬುಧವಾರ ಅವಳ ಕುರ್ಚಿಯಲ್ಲಿ ಒರಗಿದವನನ್ನು ಬರುವ ಸೋಮವಾರ ಗಲ್ಲಿಗೇರಿಸುವುದಿತ್ತು. ಇಬ್ಬರನ್ನು ಕೊಂದವನು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವನಿಗೂ. ಕೆಳದವಡೆಯ ಹಲ್ಲು ಹುಳುಕಾಗಿ ಕೆನ್ನೆ ಊದಿತ್ತು, ಜ್ವರವೂ ಬಂದಿತ್ತು. ಕಾನೂನು ಬಲು ಕರುಣಾಳು: ಕಾಯಿಲೆಯವರನ್ನು ನೇಣಿಗೆ ಹಾಕುವಂತಿಲ್ಲ. ಮೊದಲು ವಾಸಿ ಮಾಡಬೇಕು, ‘ಚಿಕಿತ್ಸೆ ಮುಗಿದಿದೆ, ಆರೋಗ್ಯವಾಗಿದ್ದಾನೆ’ ಎಂದು ಡಾಕ್ಟರು ರುಜು ಹಾಕಬೇಕು, ಆಮೇಲೆ ಹಗ್ಗ.

ಸೆರೆಮನೆಯ ಅಧೀಕ್ಷಕರು ಬಾಗಿಲಲ್ಲೇ ನಿಂತಿದ್ದರು. ಸೋಮವಾರ ತಪ್ಪಿದರೆ ಕಡತ ಮತ್ತೆ ಮೇಲಕ್ಕೆ ಹೋಗುತ್ತದೆ, ಹೊಸ ತಾರೀಕು ಬರಲು ವರ್ಷವಾದರೂ ಹಿಡಿಯುತ್ತದೆ ಎಂದು ತಲೆ ಕೆರೆದುಕೊಂಡರು. ಅವನ ತೂಕದ ಮರಳುಚೀಲ ಕಟ್ಟಿ ಹಗ್ಗ ಪರೀಕ್ಷಿಸಿಯಾಗಿತ್ತಂತೆ. ಈ ಹಲ್ಲೊಂದೇ ಬಾಕಿ.

ಅವಳು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಳು. ಬೇರು ಗಟ್ಟಿಯಾಗಿತ್ತು. ರೂಟ್ ಕೆನಾಲ್ ಮಾಡಿದರೆ ಉಳಿಯುವ ಹಲ್ಲು; ಆದರೆ ನಾಲ್ಕು ಸಲ ಕೂರಿಸಬೇಕು, ನಡುನಡುವೆ ಹದಿನೈದು ದಿನ ಬಿಡಬೇಕು ಎಂದಳು.

‘ಕಿತ್ತುಬಿಡಿ ಮೇಡಂ,’ ಎಂದರು ಅಧೀಕ್ಷಕರು. ‘ಐದು ನಿಮಿಷದ ಕೆಲಸ. ಸೋಮವಾರದ ಹೊತ್ತಿಗೆ ಊತ ಇಳಿದಿರುತ್ತೆ. ಅವನು ಇನ್ನೇನು ಅಗಿಯೋದಿದೆ?’

ಮಾತು ಸರಿಯಾಗಿಯೇ ಇತ್ತು. ಇಕ್ಕಳವೂ ಕೈಗೆಟಕುವಲ್ಲೇ ಇತ್ತು. ಅವಳು ಕೈ ಹಾಕಿದಳು ಕೂಡ. ಅಷ್ಟರಲ್ಲಿ ಕುರ್ಚಿಯಲ್ಲಿದ್ದವನು, ಉಳಿಸಿದರೆ ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ತೊದಲುತ್ತ ಕೇಳಿದ. ಎಲ್ಲ ರೋಗಿಗಳೂ ಕೇಳುವ ಪ್ರಶ್ನೆ. ಬಾಯಿಪಾಠದ ಉತ್ತರ ತಾನಾಗಿ ಹೊರಬಿತ್ತು.

‘ದಿನಕ್ಕೆರಡು ಸಲ ಉಜ್ಜಿದರೆ ಹದಿನೈದು ವರ್ಷಕ್ಕೆ ಮೋಸವಿಲ್ಲ.’

ಅಧೀಕ್ಷಕರು ಕೆಮ್ಮಿದರು. ಕೈದಿ ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಅವಳ ಕಿವಿ ಬಿಸಿಯಾಯಿತು. ಒಂದು ಮಾತಾಡುವ ಮುಂಚೆ ಹತ್ತು ಸಲ ತೂಗುವವಳು ತಾನು. ಆಡಿದ್ದನ್ನು ಈಗ ವಾಪಸು ಪಡೆಯುವುದು ಹೇಗೆ? ಇವನು ಬದುಕಲು ಯೋಗ್ಯನೋ ಅಲ್ಲವೋ ಅವಳಿಗೆ ತಿಳಿಯದು. ಹಲ್ಲು ಮಾತ್ರ ಯಾರನ್ನೂ ಕೊಂದಿರಲಿಲ್ಲ.

ಇಕ್ಕಳವನ್ನು ಬದಿಗೆ ಸರಿಸಿ, ಮರಗಟ್ಟಿಸುವ ಸೂಜಿ ತೆಗೆದುಕೊಂಡಳು. ಹಲ್ಲು ಕೊರೆದು, ಕೀವು ತೆಗೆದು, ಔಷಧಿಯಿಟ್ಟು, ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿದಳು. ಅಧೀಕ್ಷಕರು ಚಾಚಿದ ಹಾಳೆಯಲ್ಲಿ ‘ಚಿಕಿತ್ಸೆ ಮುಗಿದಿಲ್ಲ’ ಎಂದು ಬರೆದು ರುಜು ಹಾಕಿದಳು.

‘ಯೋಚನೆ ಮಾಡಿ ಬರೆದ್ರಾ ಮೇಡಂ?’

‘ಇಲ್ಲ,’ ಎಂದಳು.

ಭಾನುವಾರದ ಪತ್ರಿಕೆಯಲ್ಲಿ ಸುದ್ದಿ ದಪ್ಪಕ್ಷರದಲ್ಲಿ ಬಂತು: ಹಲ್ಲುನೋವು, ಗಲ್ಲು ಮುಂದಕ್ಕೆ. ಅತ್ತೆ ಆ ಡಾಕ್ಟರನ್ನು ಏಳು ತಲೆಮಾರಿನವರೆಗೂ ಶಪಿಸಿದರು; ಅದರಲ್ಲಿ ತಮ್ಮ ಮೊಮ್ಮಕ್ಕಳೂ ಸೇರುತ್ತಾರೆಂದು ಪಾಪ ಅವರಿಗೇನು ಗೊತ್ತು. ಮೈದುನನಿಗೂ ಸಿಟ್ಟು. ಇಂಥ ಘನ ತತ್ವದ ಪ್ರಶ್ನೆಯನ್ನು ಒಂದು ಹುಳುಕು ಹಲ್ಲು ತೀರ್ಮಾನಿಸಿದ್ದು ತನ್ನ ಪಕ್ಷಕ್ಕೇ ಅವಮಾನ ಎಂದ.

‘ಯಾರಂತೆ ಅತ್ತಿಗೆ ಅದು? ನಿಮ್ಮ ಪೈಕಿಯೋರು ತಾನೇ, ಗೊತ್ತಿರಬೇಕಲ್ಲ?’

‘ನಾನೇ.’

ಅತ್ತೆ ಸೊಸೆಯ ಮುಖವನ್ನೇ ದಿಟ್ಟಿಸಿದರು. ಇಬ್ಬರನ್ನು ಕೊಂದವನು ಕಣೇ ಅವನು ಎಂದರು. ಗೊತ್ತು ಎಂದಳು. ಅತ್ತೆ ಪತ್ರಿಕೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

‘ಉಳಿಯುತ್ತಾ?’ ಎಂದರು ಕೊನೆಗೆ. ‘ಹಲ್ಲು?’

‘ನೋಡಬೇಕು ಅತ್ತೆ. ಇನ್ನೂ ಮೂರು ಸಲ ಬರಬೇಕು ಅವನು.’