ಸತ್ತೆಪ್ಪನ ಪಟ್ಟಾ

ಕಲ್ಲೋಳಿಯಲ್ಲಿ ಕಬ್ಬಿಣ ಹೆರೆಯುವ ಲೇಥು ಅಂತ ಇದ್ದದ್ದು ನಮ್ಮ ಮನೆಯದೊಂದೇ. ಮೇಜಿನ ಮೇಲೆ ಕೂಡುವಂಥ ಸಣ್ಣದು, ಕಾಲಿಂದ ತುಳಿದು ಓಡಿಸುವುದು. ಮೂವತ್ತನೇ ಇಸವಿಯ ಸುಮಾರಿಗೆ ಬೆಳಗಾವಿಯಲ್ಲಿ ಯಾವುದೋ ಕಾರ್ಖಾನೆ ಮುಚ್ಚಿದಾಗ ಚಕ್ಕಡಿಯಲ್ಲಿ ಹೇರಿಕೊಂಡು ತಂದಿದ್ದೆ. ಕಬ್ಬಿನ ಗಾಣದ ಗೂಟ, ಹಿಟ್ಟಿನ ಗಿರಣಿಯ ದಂಡ, ಏನು ಮುರಿದರೂ ಜನ ನನ್ನ ಹತ್ತಿರ ತರುತ್ತಿದ್ದರು. ‘ಅಣ್ಣಪ್ಪಾ, ನೀ ಕಬ್ಬಿಣಾನ ಗಜ್ಜರಿ ಹೆರದಂಗ ಹೆರೀತಿ ನೋಡಪಾ’ ಅನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ.

ಆದರೆ ಲೇಥಿನ ಜೀವ ಇರುವುದು ಅದರ ಪಟ್ಟಾದಲ್ಲಿ. ಕೆಳಗೊಂದು ದೊಡ್ಡ ಗಾಲಿ, ಮೇಲೊಂದು ಸಣ್ಣ ಗಾಲಿ, ಎರಡನ್ನೂ ಬಳಸಿ ಎರಡು ಬೆರಳಗಲದ ಚರ್ಮದ ಪಟ್ಟಾ. ಸಡಿಲಾದರೆ ಜಾರುತ್ತದೆ, ಬಿಗಿಯಾದರೆ ದಂಡದ ಹಿತ್ತಾಳೆ ಬುಷ್ಶು ಕಾದು ಸುಡುತ್ತದೆ. ಹೆಬ್ಬೆರಳಿಂದ ಒತ್ತಿದರೆ ಅರ್ಧ ಬೆರಳು ತಗ್ಗಬೇಕು, ಅಷ್ಟೇ. ಹೊಸ ಚರ್ಮ ವಾರದೊಳಗೆ ಹಿಗ್ಗುತ್ತದೆ. ಆಗ ಕೆಳಗಿನ ಗಾಲಿಯ ತಿರುಪನ್ನು ಎರಡು ಸುತ್ತು ಇಳಿಸಬೇಕು. ತಿಂಗಳಿಗೊಮ್ಮೆ ಅರಿವೆಗೆ ಔಡಲೆಣ್ಣೆ ಹಚ್ಚಿ ಸವರಬೇಕು, ಸುರಿಯಬಾರದು. ಇಷ್ಟೂ ನನಗೆ ಹೇಳಿಕೊಟ್ಟವನು ಚರ್ಮದ ಕೆಲಸದ ಸತ್ತೆಪ್ಪ. ನನ್ನ ಲೇಥನ್ನು ಒಂದು ಸಲವೂ ಕಣ್ಣಿಂದ ನೋಡದಿದ್ದವನು.

ಅಂವ ಮೂಡಲಗಿಯ ಹತ್ತಿ ಗಿರಣಿಗಳಿಗೆಲ್ಲ ಪಟ್ಟಾ ಮಾಡುತ್ತಿದ್ದ. ನಮ್ಮ ಮನೆಗೆ ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದ, ನಾನು ಹೊಸ್ತಿಲ ಒಳಗೆ. ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಬಸವಣ್ಣನ ಹೆಸರು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಆದರೂ ಹೊಸ ಪಟ್ಟಾ ಬಂದಾಗ ನಮ್ಮವ್ವ ಗುಡ್ಡವ್ವ ಅದಕ್ಕೆ ನೀರು ಚಿಮುಕಿಸಿ ಒಳಗೆ ತಗೊಳ್ಳುತ್ತಿದ್ದಳು.

‘ಎವ್ವಾ, ಅದಽ ತಂಬಗಿ ನೀರ ನನ್ನ ಮ್ಯಾಲೂ ಚಿಮುಕಸ್ರಿ,’ ಅಂದಿದ್ದ ಸತ್ತೆಪ್ಪ ಒಮ್ಮೆ. ‘ನಾನೂ ಒಳಗ ಬರ್ತೇನಿ. ನಾ ಹೊಲಿದ ಪಟ್ಟಾ ಓಡೂದನ್ನ ಒಮ್ಮಿ ನೋಡಬೇಕಂತ ಆಶಾ ಐತಿ.’

‘ಮಾತ ಬಾಳ ಕಲ್ತೀದಿ ನೀ,’ ಅಂದಳು ಅವ್ವ. ನಾನು ನಕ್ಕೆ. ಅಂವನೂ ನಕ್ಕ. ಮಾತು ಅಲ್ಲಿಗೇ ಮುಗಿಯಿತು.

ಅಳತೆಯನ್ನು ನೂಲಿನಲ್ಲಿ ಕೊಟ್ಟೆ. ‘ಗಾಲಿ ಯಾ ಕಡಿ ತಿರಗತೈತ್ರಿ ಅಣ್ಣಾರ?’ ಅಂತ ಕೇಳಿದ. ನಾನು ಹೊಸ್ತಿಲಲ್ಲಿ ನಿಂತು, ‘ಹಿಂಗ,’ ಅಂತ ಗಾಳಿಯಲ್ಲಿ ಕೈ ತಿರುವಿ ತೋರಿಸಿದೆ. ತಲೆ ಆಡಿಸಿ ಹೋದವನು ಎಂಟು ದಿನಕ್ಕೆ ಪಟ್ಟಾ ತಂದ. ಎರಡೂ ತುದಿ ತೆಳ್ಳಗೆ ಹೆರೆದು ಒಂದರ ಮೇಲೊಂದು ಕೂಡಿಸಿ ಹೊಲಿದಿದ್ದ. ಒಂದು ಅಂಚಿಗೆ ಸುಣ್ಣದ ಬೊಟ್ಟು. ‘ಈ ಬೊಟ್ಟು ನೀವು ಕುಂತಾಗ ನಿಮ್ಮ ಎಡಗೈ ಕಡಿ ಬರಲಿ,’ ಅಂದ. ದಂಡ ಬಿಚ್ಚಿ, ಅಂವ ಹೇಳಿದ ಹಾಗೇ ಹಾಕಿದೆ.

ನಾಕು ತಿಂಗಳಿಗೆ ಆ ಹೊಲಿದು ಕೂಡಿಸಿದ ಜಾಗ, ಅಂದರೆ ಜೋಡು, ಬಾಯಿ ಬಿಟ್ಟಿತು. ಇನ್ನೊಂದು ಮಾಡಿಕೊಟ್ಟ, ಪುಕ್ಕಟೆ. ಅದೂ ಬಿಟ್ಟಿತು. ಮೂರನೆಯದಕ್ಕೆ ಹೊಲಿಗೆ ಎರಡು ಸಾಲು ಹಾಕಿ ತಂದ, ಮುಖ ಸಣ್ಣದಾಗಿತ್ತು. ಅದಂತೂ ನಾನು ಗೂಟ ಹೆರೆಯುವಾಗ ತುದಿ ಎದ್ದು ರಪ್ಪನೆ ಮುಖಕ್ಕೆ ಬಡಿದು ತುಟಿ ಹರಿಯಿತು. ಅವತ್ತು ಮೂಡಲಗಿ ಸಂತೆ. ರಕ್ತ ಒರೆಸಿಕೊಂಡು ಸೀದಾ ಹೋದೆ. ಹತ್ತಿ ಗಿರಣಿಯ ಶಿದ್ಲಿಂಗಪ್ಪನವರ ಅಂಗಡಿ ಕಟ್ಟೆ ಮುಂದೆ ನಿಂತು, ‘ಸತ್ತೆಪ್ಪನ ಜೋಡು ಜೋಡಲ್ರೀ, ನಾಳೆ ನಿಮ್ಮ ಕೂಲ್ಯಾರ ಕಣ್ಣು ಹೋದಾವು,’ ಅಂತ ನಾಕು ಮಂದಿಗೆ ಕೇಳುವ ಹಾಗೆ ಅಂದೆ.

ಲೇಥಿನವ ಅಂದಮೇಲೆ ಯಾರು ಇಲ್ಲ ಅಂತಾರ? ಗಿರಣಿಯವರು ಒಬ್ಬೊಬ್ಬರೇ ಅಂವನನ್ನು ಬಿಟ್ಟರು. ಹುಡುಗರು ‘ಬಿಚ್ಚೂ ಸತ್ತೆಪ್ಪ’ ಅಂತ ಹೆಸರಿಟ್ಟರು. ವರ್ಷದೊಳಗೆ ಅಂವ ಸಂಸಾರ ಕಟ್ಟಿಕೊಂಡು ಹತ್ತರಗಿ ಕಡೆಗೆ, ಪುಣೆ ರಸ್ತೆಗೆ ಜಲ್ಲಿ ಒಡೆಯಲು ಹೋದನಂತೆ. ನಾನು ಗೋಕಾಕದಿಂದ ಬೇರೆ ಪಟ್ಟಾ ತರಿಸಿದೆ. ಅದು ಚೆನ್ನಾಗಿಯೇ ಓಡಿತು.

ನಾಕು ವರ್ಷದ ಮೇಲೆ ಗೋಕಾಕ ಫಾಲ್ಸಿನಿಂದ ನಮ್ಮ ಬೀಗರ ಪೈಕಿ ಮಾಲಿಂಗಪ್ಪ ಬಂದ. ಲೇಥಿನ ಕೆಲಸದಲ್ಲೇ ತಲೆ ನೆರೆತವನು. ಮೂಲೆಯಲ್ಲಿ ಬಿದ್ದಿದ್ದ ಹಳೇ ಪಟ್ಟಾ ಎತ್ತಿ ಬೆಳಕಿಗೆ ಹಿಡಿದ.

‘ಇದನ್ನ ಉಲ್ಟಾ ಹಾಕಿ ಓಡಿಸೀದೆಲ್ಲೋ!’

‘ಏನಂದಿ?’

‘ಎತ್ತಿನ ಮೈ ಕೂದಲ ಗುಂಟ ಸವರಿದ್ರ ಸುಮ್ಮಕ ನಿಲ್ಲತೈತಿ, ಎದುರು ಸವರಿದ್ರ ಕೂದಲಾ ಎದ್ದ ನಿಲ್ಲತಾವು. ಜೋಡಿನ ತುದೀನೂ ಹಂಗಽ. ಹೊಲಿಗಿ ನೋಡಿಲ್ಲೆ, ದಾರದ ಒಂದ ಎಳಿ ಕಿತ್ತಿಲ್ಲ, ಚರ್ಮಾನಽ ಹರದೈತಿ. ಗಾಲಿ ಎದುರಿಂದ ಕೆದರಿ ತುದೀನ ಎಬ್ಬಿಸೈತಿ. ತಿರುವಿ ಹಾಕಿದ್ರ ಹತ್ತ ವರ್ಷ ಬರತಿತ್ತು. ಏನ ಕೈ ಮಾರಾಯಾ ಅವಂದು! ತಿರಗೂ ದಿಕ್ಕ ಯಾರ ಹೇಳಿದ್ರು ಅವಗ?’

‘ನಾನಽ.’

‘ಹೆಂಗ?’

ತೋರಿಸಿದೆ. ಅಂದು ಸತ್ತೆಪ್ಪ ನಿಂತ ಹಾಗೇ ಮಾಲಿಂಗಪ್ಪ ನನ್ನ ಎದುರಿಗಿದ್ದ. ನೋಡನೋಡುತ್ತ ಹಣೆ ಬಡಿದುಕೊಂಡ. ‘ನೀ ನಿನ್ನ ಕಡಿ ಬರೂವಂಗ ತಿರುವಾಕತ್ತಿ. ಎದುರ ನಿಂತಾಂವಗ ಅದು ಅತ್ತ ದೂರ ಹೋದಂಗ ಕಾಣತೈತಿ, ಅಂವ ಆ ದಿಕ್ಕಿಗೆ ಜೋಡು ಹಾಕ್ಯಾನ! ಒಳಗ ಕರದು ಲೇಥು ತೋರಸೂದ ಬಿಟ್ಟು ಇದೆಂಥಾ ಮೂಕರ ಆಟಾನೋ?’

ಅವ್ವ ಒಳಗಿನಿಂದ, ‘ಊಟಕ್ಕ ಏಳ್ರೆಪಾ,’ ಅಂದಳು.

ಮರುದಿನ ಹತ್ತರಗಿಗೆ ಹೋದೆ. ರಸ್ತೆಯ ಬದಿಗೆ ಜಾಲಿಯ ನೆರಳಲ್ಲಿ ಸತ್ತೆಪ್ಪ ಕಲ್ಲು ಒಡೆಯುತ್ತ ಕೂತಿದ್ದ. ತಲೆ ಎತ್ತಿದ. ಒಂದು ಕಣ್ಣಿಗೆ ಬೆಳ್ಳಗೆ ಪೊರೆ ಕಟ್ಟಿತ್ತು, ಕಲ್ಲಿನ ಚೂರು ಸಿಡಿದು.

‘ಯಾರ್ರಿ, ಲೇಥಿನ ಅಣ್ಣಾರ? ಬರ್ರಿ ಬರ್ರಿ. ಕುಂಡರಾಕ ಕಲ್ಲಿಗೇನ ಬರ ಇಲ್ರಿ ಇಲ್ಲೆ.’

ನಾನು ಕೂತು ಎಲ್ಲ ಹೇಳಿದೆ. ಅಂವ ಸುತ್ತಿಗೆಯ ಹಿಡಿ ಸವರಿದ.

‘ಖರೇನ್ರಿ? ಹೊಲಿಗಿ ತಪ್ಪಿರಲಿಲ್ಲಾ?’

‘ಇಲ್ಲೋ ಸತ್ತೆಪ್ಪಾ.’

‘ನಾಕ ವರ್ಷ ಆತ್ರಿ. ಮಲಗಿದಾಗೊಮ್ಮಿ ಎದ್ದಾಗೊಮ್ಮಿ ವಿಚಾರ ಮಾಡ್ತೇನಿ, ನಾ ಎಲ್ಲೆ ತಪ್ಪಿದ್ನಿ ಅಂತ. ದಾರಕ್ಕ ಮೇಣ ಕಡಿಮಿ ಆತೇನ, ಚರ್ಮ ಹದಕ್ಕ ಬಂದಿರಲಿಲ್ಲೇನ... ನಮ್ಮಪ್ಪ ಕಲಿಸಿದ್ದಽ ತಪ್ಪೇನೋ ಅಂತನೂ ಅಂದ್ಕೊಂಡ್ನಿ.’

‘ಬಾ ಊರಿಗೆ. ಒಳಗ ಕುಂತು, ನೋಡಿ ಮಾಡಿಕೊಡು.’

ಅಂವ ಎರಡೂ ಅಂಗೈ ಚಾಚಿದ. ಒಡೆದ ಹೊಲದ ಹಾಗಿದ್ದವು. ‘ಇವಕ್ಕ ಈಗ ಸೂಜಿ ಇದ್ದದ್ದಽ ಗೊತ್ತಾಗೂದಿಲ್ರಿ. ಅದು ಬ್ಯಾಡ. ಒಂದ ಕೆಲಸಾ ಮಾಡ್ರಿ. ಯಾ ಸಂತ್ಯಾಗ ಆ ಮಾತ ಅಂದ್ರೋ, ಅದಽ ಸಂತ್ಯಾಗ ಇದನ್ನೂ ಅನ್ರಿ. ನಮ್ಮ ಮೊಮ್ಮಗನ್ನ ಬಿಚ್ಚೂ ಸತ್ತೆಪ್ಪನ ಮೊಮ್ಮಗ ಅಂತಾರ್ರಿ. ನನ್ನ ಕೈ ಹೋದ್ರ ಹೋಗಲಿ, ಆ ಹೆಸರೊಂದು ಹೋಗಲಿ.’

ಮುಂದಿನ ಸಂತೆಗೆ ಹಳೇ ಪಟ್ಟಾ ಹೆಗಲಿಗೆ ಹಾಕಿಕೊಂಡು ಹೋದೆ. ಶಿದ್ಲಿಂಗಪ್ಪನವರ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಇದ್ದರು. ಕೈ ತಿರುವಿದ್ದು, ಉಲ್ಟಾ ಹಾಕಿದ್ದು, ಒಳಗೆ ಕರೆಯದೆ ಅಂಗಳದಲ್ಲಿ ನಿಲ್ಲಿಸಿದ್ದು, ಜಲ್ಲಿ ಒಡೆದು ಅಂವನ ಕಣ್ಣು ಹೋದದ್ದು, ಒಂದೂ ಬಿಡದೆ ಹೇಳಿದೆ.

ಶಿದ್ಲಿಂಗಪ್ಪನವರು ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟರು.

‘ಅಣ್ಣಪ್ಪಾ, ಏನ ದೊಡ್ಡ ಮನಸೋ ನಿಂದು! ಕಣ್ಣ ಕಳಕೊಂಡ ಬಡವನ ಮರ್ಯಾದಿ ಸಲವಾಗಿ ಅವನ ತಪ್ಪ ನಿನ್ನ ತಲಿ ಮ್ಯಾಲ ಹೊತಗೊಂಡೆಲ್ಲ.’

‘ಅಲ್ರೀ, ಆಣಿ ಮಾಡಿ ಹೇಳ್ತೇನಿ, ಖರೇನ ನಂದಽ ತಪ್ಪು. ಈ ಹೊಲಿಗಿ ನೋಡ್ರಿ—’

‘ಗೊತ್ತೈತಿ ಬಿಡಪಾ, ಗೊತ್ತೈತಿ.’

‘ಇಂಥವರು ಇರೂದಕ್ಕಽ ಮಳಿ ಆಗೂದು,’ ಅಂತ ಒಬ್ಬ ಮುದುಕ ನನಗೆ ಕೈ ಮುಗಿದ. ಪಟ್ಟಾ ಕೈಗೆ ತಗೊಂಡು ನೋಡಿದವರು ಒಬ್ಬರೂ ಇಲ್ಲ. ಆಣೆ ಮಾಡಿದಷ್ಟೂ ನಾನು ದೊಡ್ಡವನಾಗುತ್ತ ಹೋದೆ. ಮರುವಾರ ಮತ್ತೆ ಹೋಗಿ ಹೇಳಿದೆ. ಚಹಾ ತರಿಸಿ ಕೊಟ್ಟರು. ಮೂರನೇ ವಾರ ನಾನು ಹೋಗಲಿಲ್ಲ. ಹೋಗಬೇಕಿತ್ತು.

ಹತ್ತರಗಿಗೆ ಮಾತ್ರ ಹೋದೆ. ಸತ್ತೆಪ್ಪ ದೂರದಿಂದಲೇ ಗುರುತು ಹಿಡಿದು ಎದ್ದು ನಿಂತ.

‘ಅಂದ್ರ್ಯಾ?’

‘ಅಂದ್ನಿ. ಎರಡ ಸಲ.’

‘ಮತ್ತ? ಮಂದಿ ಏನಂದ್ರು?’

ಸುಳ್ಳು ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ‘ನನ್ನ ಹೊಗಳಿದ್ರೋ ಸತ್ತೆಪ್ಪಾ,’ ಅಂದೆ.

‘ನಿಮ್ಮನ್ನ ಹೊಗಳಿದ್ರು,’ ಅಂದ ಅಂವ, ಮೆಲ್ಲಗೆ. ಮತ್ತೇನೋ ಬರಬಹುದು ಅಂತ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಬರಲಿಲ್ಲ. ಕೂತು, ಕಾಲ ಸಂದಿಗೆ ಕಲ್ಲೊಂದನ್ನು ಎಳೆದುಕೊಂಡು ಸುತ್ತಿಗೆ ಎತ್ತಿದ.

‘ಅತ್ತ ಸರೀರಿ ಅಣ್ಣಾರ. ಚೂರು ಸಿಡೀತಾವು.’