ಸೋಮವಾರದ ಕಂಟೇನರ್‌ಗಳು

ಸೋಮವಾರ ಕಂಟೇನರ್‌ಗಳಿಗೆ ಬಿಡುವು ಕೊಡಬೇಕೇ ಬೇಡವೇ ಎಂಬ ಘನಗಂಭೀರ ಪ್ರಶ್ನೆ ಮೊರಬದ ಎರೆಹೊಲ ರೈತರ ಸಂಘದ ಮುಂದೆ ಬಂದದ್ದು ಹೆಸರಕಾಳಿನ ಖರೀದಿಯ ಭರಾಟೆಯಲ್ಲಿ. ಇಂಥ ಧರ್ಮಸೂಕ್ಷ್ಮ ಆ ಸೀಮೆಯಲ್ಲಿ ಹಿಂದೆಂದೂ ಎದ್ದಿರಲಿಲ್ಲ.

ಎಬ್ಬಿಸಿದವಳು ರುಬಿಯಾ, ಅದೂ ತನಗೇ ಗೊತ್ತಿಲ್ಲದೆ. ರೈತರಿಗೆ ಟೋಕನ್ ಕೊಟ್ಟು ತೂಕ ಬರೆದುಕೊಳ್ಳುವ ಸಂಘದ ತಂತ್ರಾಂಶ ಎರಡು ಸರ್ವರ್‌ಗಳ ಮೇಲೆ ಆರೇಳು ಕಂಟೇನರ್‌ಗಳಲ್ಲಿ, ಅಂದರೆ ಕೆಲಸ ಹಂಚಿಕೊಂಡ ಬಿಡಿ ಬಿಡಿ ಪ್ರತಿಗಳಲ್ಲಿ, ಓಡುತ್ತಿತ್ತು. ದಣಿದದ್ದನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ನಿಲ್ಲಿಸುವುದು ಅವಳ ಕೆಲಸ. ಕಂಟೇನರ್ ಎಂದರೇನೆಂದು ಅಧ್ಯಕ್ಷ ಈರಬಸಪ್ಪ ಕೇಳಿದಾಗ, "ಎತ್ತು ಇದ್ದಂಗ ತಿಳೀರಿ ಕಾಕಾ. ಒಂದು ಕುಂತ್ರ ಇನ್ನೊಂದು ಹೂಡೂದು" ಎಂದಿದ್ದಳು. ಅವರು ತಲೆದೂಗಿದ್ದರು.

ಆ ಸೋಮವಾರ ಅಣ್ಣಿಗೇರಿಯ ಸಂಘದವರು ಈ ವ್ಯವಸ್ಥೆ ನೋಡಲು ಬರುವವರಿದ್ದರು. ಮೆಚ್ಚಿದರೆ ಅವರ ಸರ್ವರ್‌ಗಳ ಉಸ್ತುವಾರಿಯೂ ಅವಳದೇ. ಊರಲ್ಲೇ ಕೂತು ಸ್ವಂತ ಕಸುಬು ಕಟ್ಟುವ ಅವಳ ಆಸೆಗೆ ಅದೇ ಬುನಾದಿ. ಅಂಗಳದಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಈರಬಸಪ್ಪ ವಿಭೂತಿ ಧರಿಸಿ ಬಂದವರೇ, "ಎಲ್ಲಾ ಕೊಳ್ಳ ಹರಿ, ಇವತ್ತ ಬಿಡುವು" ಎಂದರು.

"ಯಾವೂದ್ರಿ ಕಾಕಾ?"

"ನಿನ್ನ ಎತ್ತಿನವು. ಮುತ್ಯಾನ ಕಾಲದಿಂದ ನಮ್ಮ ಮನ್ಯಾಗ ಸೋಮವಾರ ನೊಗಾ ಹೊರಿಸಿಲ್ಲ."

"ಅವೇನು ಖರೇ ಎತ್ತಲ್ರೀ!"

"ಎತ್ತು ಅಂದಾಕಿ ನೀನ. ಈಗ ಅಲ್ಲ ಅಂದ್ರ ನಿನ್ನ ಯಾವ ಮಾತ ನಂಬೂಣು?"

ಟ್ರ್ಯಾಕ್ಟರಿನ ಮೇಲೆ ಚೀಲಗಳ ನಡುವೆ ಕುಳಿತಿದ್ದ ಅವರ ಅಕ್ಕ ಮಹಾದೇವಕ್ಕನಿಗೆ ತಡೆಯಲಾಗಲಿಲ್ಲ. "ಲೇ ಈರ್ಯಾ, ನಮ್ಮವ್ವ ಯಾವ ಸೋಮವಾರ ರೊಟ್ಟಿ ಬಡಿಯೂದು ಬಿಟ್ಟಿದ್ಲೋ? ಆಕಿ ನೊಗಾ ಇಳಸಾಕ ಯಾರಿಗೂ ನೆನಪಾಗ್ಲಿಲ್ಲ!"

ಸಾಲಿಗೆ ಸಾಲೇ ನಕ್ಕಿತು. ಆದರೆ ಅಧ್ಯಕ್ಷರಾದವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದುಂಟೇ?

ರುಬಿಯಾ ಪರದೆ ನೋಡಿದಳು. ವಾರವಿಡೀ ಓಡಿದ ಕಂಟೇನರ್‌ಗಳು ಮೆಮೊರಿ ತಿಂದು ತಿಂದು ಉಬ್ಬಿದ್ದವು. ಹೇಗೂ ಬದಲಿಸಬೇಕಾದವೇ.

"ಬಿಡುವು ಕೊಡೂಣ್ರಿ ಕಾಕಾ. ದುಡದವು ಒಂದೊಂದ ಇಳೀಲಿ. ಅವುಗಳ ಜಾಗಾಕ್ಕ ಇವತ್ತ ಹುಟ್ಟಿದ್ದು ನಿಲ್ಲಲಿ."

"ಅವೂ ಸೋಮವಾರನ ದುಡದಂಗಾತಲ್ಲ?"

"ಅವಿನ್ನೂ ಹೋರಿಗರ ರೀ. ಪಳಗಸೂದು ಅಂತ ತಿಳೀರಿ, ದುಡಸೂದಲ್ಲ."

"ಸೋಮವಾರ ಪಳಗಸೂದು..." ಎಂದು ಈರಬಸಪ್ಪ ಅನುಮಾನಿಸಿದರು.

"ನೀ ಸಾಲಿ ತಪ್ಪಿಸಿ ನಮ್ಮ ಕೆಂದ ಹೋರಿ ಪಳಗಿಸಿದ್ದು ಯಾವ ವಾರ ಲೇ? ಹೇಳ್ಲಿ ಏನು ಮಂದ್ಯಾಗ?" ಎಂದಳು ಮಹಾದೇವಕ್ಕ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಅನುಮತಿ ಕೊಟ್ಟರು.

ಹೊಸದೊಂದು ಎದ್ದು, ನೆಟ್ಟಗೆ ನಿಂತಿತೆಂದು ಖಾತ್ರಿಯಾದ ಮೇಲೆ ಹಳೆಯದೊಂದು ಇಳಿಯಿತು. ಹಾಗೆಯೇ ಮುಂದಿನದು. ಟೋಕನ್ ಒಂದು ಗಳಿಗೆಯೂ ನಿಲ್ಲಲಿಲ್ಲ. ಅಷ್ಟರಲ್ಲಿ ಬಂದ ಅಣ್ಣಿಗೇರಿಯವರು, ಇಂಥ ಗದ್ದಲದಲ್ಲೂ ಕೆಲಸ ನಿಲ್ಲಿಸದೆ ಎಲ್ಲ ಬದಲಿಸುತ್ತೀರಲ್ಲ ಎಂದು ಬೆರಗಾದರು.

"ಸೋಮವಾರ ಹಂಗ ಮಾಡ್ತೀವ್ರಿ. ನಮ್ಮ ಪದ್ಧತಿ" ಎಂದರು ಈರಬಸಪ್ಪ, ಅಗದಿ ಗತ್ತಿನಿಂದ.

ಸಂಜೆಯೊಳಗೆ ಎಲ್ಲರ ಕಾಳೂ ತೂಕವಾಯಿತು. ಅಣ್ಣಿಗೇರಿಯ ಕೆಲಸ ರುಬಿಯಾಳಿಗೆ ಸಿಕ್ಕಿತು.